ಕೊಳಚೆ ನೀರಿನ ಶೋಧಕ ದ್ರವ್ಯಗಳು: ಒಂದು ಐತಿಹಾಸಿಕ ಸಮೀಕ್ಷೆ (1868–1912)

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ನಗರದ ಕೊಳಚೆ ನೀರನ್ನು ಶುದ್ಧಗೊಳಿಸಲು ಹೊಲಗದ್ದೆಗಳ ಮಣ್ಣೇ ಮುಖ್ಯ ಸಾಧನವಾಗಿತ್ತು. ಆದರೆ ಜನಸಂಖ್ಯೆ ಬೆಳೆದಂತೆಲ್ಲ ಅದಕ್ಕೆ ಬೇಕಾದ ವಿಶಾಲ ಭೂಮಿ ನಗರಗಳ ಬಳಿ ದುರ್ಲಭವಾಯಿತು. ಮಣ್ಣಿಗೆ ಬದಲಾಗಿ ಬೇರಾವ ದ್ರವ್ಯ ಒದಗೀತು ಎಂಬ ಪ್ರಶ್ನೆ ಹುಟ್ಟಿದುದು ಈ ಇಕ್ಕಟ್ಟಿನಿಂದಲೇ. ಈ ಪ್ರಶ್ನೆಯ ಉತ್ತರವು ದ್ರವ್ಯದ ಆಯ್ಕೆಯನ್ನಷ್ಟೇ ಅಲ್ಲ, ಶುದ್ಧೀಕರಣವೆಂದರೇನೆಂಬ ಕಲ್ಪನೆಯನ್ನೇ ಬದಲಾಯಿಸಿತೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

1868ರಲ್ಲಿ ನೇಮಕವಾದ ನದೀಮಾಲಿನ್ಯ ಆಯೋಗದ ಸದಸ್ಯರಾಗಿದ್ದ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಫ್ರಾಂಕ್‌ಲೆಂಡರು ಗರಸನ್ನೂ ವಿವಿಧ ಬಗೆಯ ಮಣ್ಣನ್ನೂ ಕೊಳವೆಗಳಲ್ಲಿ ತುಂಬಿ, ಕೊಳಚೆ ನೀರನ್ನು ಬಿಟ್ಟುಬಿಟ್ಟು ಹಾಯಿಸಿ ಪರೀಕ್ಷಿಸಿದರು. ನಡುವೆ ಗಾಳಿಗೆ ಅವಕಾಶವಿದ್ದರೆ ಶೋಧಕವು ಕೆಡದೆ ಕೆಲಸ ಮಾಡುವುದೆಂದು ಅವರು ತೋರಿಸಿದರು. ಆದರೆ ಇದನ್ನು ಕೇವಲ ರಾಸಾಯನಿಕ ಕ್ರಿಯೆಯೆಂದೇ ಭಾವಿಸಿದರು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿದ್ವಾಂಸರು ಇಂಥ ಶೋಧಕಕ್ಕೆ ಕ್ಲೋರೋಫಾರ್ಮಿನ ಆವಿ ತಾಗಿಸಿದೊಡನೆ ನೈಟ್ರೇಟಿನ ಉತ್ಪತ್ತಿ ನಿಂತುದನ್ನು ಕಂಡರು. ಕೆಲಸ ಮಾಡುತ್ತಿದ್ದುದು ಜೀವಾಣುಗಳೆಂಬುದು ಇದರಿಂದ ವ್ಯಕ್ತವಾಯಿತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ 1887ರಲ್ಲಿ ಸ್ಥಾಪಿತವಾದ ಪ್ರಯೋಗಕೇಂದ್ರವು ಈ ವಿಷಯವನ್ನು ಮತ್ತಷ್ಟು ಖಚಿತಪಡಿಸಿತು. ಅಲ್ಲಿ ಬಳಸಿದ ಕಲ್ಲುಗಳ ನಡುವಣ ಸಂದುಗಳು ಕಶ್ಮಲವನ್ನು ಸೋಸಿ ಹಿಡಿಯಲಾರದಷ್ಟು ದೊಡ್ಡವು. ಆದರೂ ನಿಧಾನವಾಗಿ ಹರಿಸಿದ ನೀರು ಶುದ್ಧವಾಯಿತು. ಅಂದಮೇಲೆ ಕಲ್ಲು ಜರಡಿಯಲ್ಲ, ಜೀವಾಣುಗಳಿಗೆ ನೆಲೆ ಮಾತ್ರ.

ಈ ತಿಳಿವಳಿಕೆಯಿಂದ ಅಗ್ಗದ ದ್ರವ್ಯಗಳಿಗೆ ದಾರಿಯಾಯಿತು. ಲಂಡನ್ ಕೌಂಟಿ ಕೌನ್ಸಿಲಿನ ರಸಾಯನತಜ್ಞ ವಿಲಿಯಂ ಡಿಬ್ಡಿನ್ನರು 1890ರ ದಶಕದ ಆರಂಭದಲ್ಲಿ ಬಾರ್ಕಿಂಗಿನಲ್ಲಿ ಸುಟ್ಟ ಜೇಡಿಮಣ್ಣು, ಸಣ್ಣ ಗರಸು, ಕೋಕಿನ ನುಚ್ಚು ಮೊದಲಾದವನ್ನು ಹೋಲಿಸಿ, ಕೋಕಿನ ನುಚ್ಚನ್ನು ಮೇಲೆಂದು ಎಣಿಸಿದರು. ಅನಂತರ ರಚಿಸಿದ ಒಂದು ಎಕರೆಯ ಪಾತಿಯು ಹೊರೆ ಅತಿಯಾದಾಗ ಕಟ್ಟಿಕೊಂಡಿತು. ವಿಶ್ರಾಂತಿ ದೊರೆತ ಮೇಲೆ ಚೇತರಿಸಿಕೊಂಡಿತು. ಜಡ ಜರಡಿಗೆ ವಿಶ್ರಾಂತಿಯಿಂದ ಪ್ರಯೋಜನವಿಲ್ಲ. ಜೀವವಿರುವುದಕ್ಕೆ ಅದು ಅವಶ್ಯಕ.

1898ರಲ್ಲಿ ನೇಮಕವಾದ ರಾಜ ಆಯೋಗವು 1912ರ ತನ್ನ ಎಂಟನೆಯ ವರದಿಯಲ್ಲಿ ಹೊರಬೀಳುವ ನೀರಿಗೆ ಮಾನದಂಡವನ್ನು ಸೂಚಿಸಿತು: ಲಕ್ಷ ಭಾಗಗಳಲ್ಲಿ ತೇಲುಕಶ್ಮಲ 3 ಭಾಗವನ್ನೂ, ಐದು ದಿನಗಳಲ್ಲಿ ಹೀರುವ ಆಮ್ಲಜನಕ 2 ಭಾಗವನ್ನೂ ಮೀರಬಾರದು. ಗಮನಾರ್ಹವಾದುದೆಂದರೆ, ಈ ಮಾನದಂಡವು ಶೋಧಕದಲ್ಲಿ ಏನು ತುಂಬಿದೆಯೆಂದು ಕೇಳುವುದಿಲ್ಲ; ಹೊರಬಂದ ನೀರು ಹೇಗಿದೆಯೆಂದಷ್ಟೇ ಕೇಳುತ್ತದೆ. ಮುಂದೆ ಕುಲುಮೆಯ ಕಿಟ್ಟಕ್ಕೂ, ಒಡೆದ ಕಲ್ಲಿಗೂ, ಕೊನೆಗೆ ಪ್ಲಾಸ್ಟಿಕ್ಕಿಗೂ ಶೋಧಕದಲ್ಲಿ ಸಮಾನ ಸ್ಥಾನ ದೊರೆತುದರ ತತ್ತ್ವ ಇದೇ. ಬದಲಿ ವಸ್ತುವೆಂದರೆ ಕೀಳು ವಸ್ತುವೆಂಬ ಭಾವನೆಗೆ ಈ ಚರಿತ್ರೆಯಲ್ಲಿ ಆಧಾರವಿಲ್ಲ. ಮಣ್ಣಿನ ಗುಟ್ಟು ತಿಳಿದುದೇ ಮಣ್ಣನ್ನು ಬಿಟ್ಟು ಬೇರೆಯದನ್ನು ಪರೀಕ್ಷಿಸಿದಾಗ.