ಹೀಮೋಗ್ಲೋಬಿನ್ ಅಣುವಿನ ತೂಕವೂ ಗಾತ್ರವೂ

ರಕ್ತಕ್ಕೆ ಕೆಂಪನ್ನೀಯುವ ಹೀಮೋಗ್ಲೋಬಿನ್ನಿನಲ್ಲಿ ಕಬ್ಬಿಣದ ಪಾಲು ನೂರಕ್ಕೆ ಸುಮಾರು 0.335 ಎಂಬುದು 19ನೆಯ ಶತಮಾನದಲ್ಲಿಯೇ ತಿಳಿದಿತ್ತು. ಅಣುವೊಂದರಲ್ಲಿ ಕಬ್ಬಿಣದ ಪರಮಾಣು ಒಂದಾದರೂ ಇರಲೇಬೇಕಷ್ಟೆ. ಆದುದರಿಂದ ಅಣುತೂಕವು 16,700ಕ್ಕಿಂತ ಕಡಮೆಯಾಗದು. ಆದರೆ ಇರುವುದು ಒಂದೇ ಪರಮಾಣುವೆ, ಹಲವೆ? ಪ್ರೋಟೀನುಗಳಿಗೆ ನಿಯತವಾದ ಅಣುವೇ ಇಲ್ಲ, ಅವು ಸಣ್ಣ ಕಣಗಳು ಗುಂಪುಗೂಡಿದ ಕಲಿಲಗಳು ಮಾತ್ರ ಎಂದು ವಾದಿಸುವವರೂ ಅಂದು ಇದ್ದರು. ಈ ವಾದದ ಬುಡವನ್ನು ಅಲುಗಿಸಿದುದು ತೂಕದ ಅಳತೆಯೇ. 1925ರಲ್ಲಿ ಕೇಂಬ್ರಿಡ್ಜಿನ ಅಡೇರ್ ಅವರು ಅಭಿಸರಣ ಒತ್ತಡವನ್ನಳೆದು ಅಣುತೂಕ ಸುಮಾರು 67,000 ಎಂದರು. ಅಂದರೆ ಕಬ್ಬಿಣದ ಪರಮಾಣುಗಳು ನಾಲ್ಕು. ಮರುವರ್ಷ ಉಪ್ಸಾಲದಲ್ಲಿ ಸ್ವೆಡ್‌ಬರ್ಗ್ ಅವರ ಅಲ್ಟ್ರಾಸೆಂಟ್ರಿಫ್ಯೂಜ್ ಯಂತ್ರವೂ ಹೆಚ್ಚುಕಡಮೆ ಅದನ್ನೇ ತೋರಿಸಿತು.

ತೂಕ ತಿಳಿದ ಮೇಲೆ ಗಾತ್ರ ಬರಿಯ ಲೆಕ್ಕದ ಮಾತು. ಒಂದು ಗ್ರಾಂ ಪ್ರೋಟೀನು ದ್ರಾವಣದಲ್ಲಿ ಸುಮಾರು 0.75 ಘನ ಸೆಂಟಿಮೀಟರಿನಷ್ಟು ಎಡೆಯನ್ನು ಆಕ್ರಮಿಸುತ್ತದೆ. 67,000 ಗ್ರಾಂ ಆಕ್ರಮಿಸುವ ಎಡೆಯನ್ನು ಅವೊಗಾಡ್ರೋ ಸಂಖ್ಯೆಯಿಂದ ಭಾಗಿಸಿದರೆ ಅಣುವೊಂದಕ್ಕೆ ಸುಮಾರು 83,000 ಘನ ಆಂಗ್‌ಸ್ಟ್ರಂ. ಅದನ್ನು ಗೋಳವೆಂದೆಣಿಸಿದರೆ ವ್ಯಾಸ 54 ಆಂಗ್‌ಸ್ಟ್ರಂ. (ಗೋಳವೆಂಬುದು ಊಹೆ, ನಾರಿನಂತಹ ಪ್ರೋಟೀನುಗಳಿಗೆ ಅದು ಸಲ್ಲದು.) ಘನಮೂಲವು ತಪ್ಪನ್ನು ಕುಗ್ಗಿಸುವುದೂ ಇಲ್ಲಿ ಗಮನಾರ್ಹ: ತೂಕ 16,700 ಎಂದೇ ನಂಬಿದ್ದರೂ ವ್ಯಾಸ 34 ಆಂಗ್‌ಸ್ಟ್ರಂ ಬರುತ್ತಿತ್ತು. 1960ರಲ್ಲಿ ಪೆರೂಟ್ಸ್ ಮತ್ತು ಸಂಗಡಿಗರು ಎಕ್ಸ್-ಕಿರಣಗಳಿಂದ ಕಂಡುಕೊಂಡ ಕುದುರೆಯ ಹೀಮೋಗ್ಲೋಬಿನ್ ಅಣುವಿನ ಅಳತೆಗಳು 64, 55 ಮತ್ತು 50 ಆಂಗ್‌ಸ್ಟ್ರಂ.