ನಾಗ್ ಹಮ್ಮಾದಿ ಹಸ್ತಪ್ರತಿಗಳು

ಈಜಿಪ್ಟಿನ ದಕ್ಷಿಣ ಭಾಗದಲ್ಲಿ, ನೈಲ್ ನದಿಯ ದಂಡೆಯಲ್ಲಿರುವ ನಾಗ್ ಹಮ್ಮಾದಿ ಪಟ್ಟಣದ ಬಳಿ 1945ರಲ್ಲಿ ಸಿಕ್ಕಿದ ಪಪೈರಸ್ ಹೊತ್ತಗೆಗಳು. ಗ್ರೀಕ್ ಮೂಲದಿಂದ ಕಾಪ್ಟಿಕ್ ಭಾಷೆಗೆ ತಂದ 52 ಕೃತಿಗಳು ಇವುಗಳಲ್ಲಿವೆ. ಕೆಲವು ಒಂದಕ್ಕಿಂತ ಹೆಚ್ಚು ಸಲ ಬಂದಿವೆ. ಹೊತ್ತಗೆಗಳು 12. ಹದಿಮೂರನೆಯದರ ಎಂಟು ಹಾಳೆಗಳನ್ನು ಹಿಂದಿನ ಕಾಲದಲ್ಲೇ ಯಾರೋ ಕಿತ್ತು ಆರನೆಯ ಹೊತ್ತಗೆಯ ರಟ್ಟಿನೊಳಗೆ ಸೇರಿಸಿಟ್ಟಿದ್ದರು. ಗ್ನಾಸ್ಟಿಕ್ ಪಂಥಗಳನ್ನು ಅವುಗಳದೇ ಮಾತಿನಲ್ಲಿ ಅರಿಯಲು ಇಂದಿಗೂ ಇದೇ ದೊಡ್ಡ ಆಕರ.

ಗ್ನಾಸ್ಟಿಕ್ ಪದದ ಮೂಲವಾದ ಗ್ರೀಕಿನ ‘ಗ್ನೋಸಿಸ್’, ಸಂಸ್ಕೃತದ ‘ಜ್ಞಾನ’ ಎರಡೂ ಒಂದೇ ಧಾತುವಿನ ಕುಡಿಗಳು. ಇಂಗ್ಲಿಷ್ ಉಚ್ಚಾರಣೆ ಹಿಡಿದು ‘ನಾಸ್ಟಿಕ್’ ಎಂದು ಬರೆದರೆ ಕನ್ನಡದಲ್ಲಿ ನಾಸ್ತಿಕ ಎಂದೇ ಓದಿಬಿಡುವ ಅಪಾಯವುಂಟು, ಆದ್ದರಿಂದ ಇಲ್ಲಿ ಗಕಾರವನ್ನು ಉಳಿಸಿಕೊಂಡಿದೆ. ಗ್ನಾಸ್ಟಿಕರು ದೇವರನ್ನು ಅಲ್ಲಗಳೆದವರಲ್ಲ. ಲೋಕವನ್ನು ಮಾಡಿದವನೇ ಪರಮದೈವ ಎಂಬುದನ್ನು ಅಲ್ಲಗಳೆದವರು.

ಮೂರು ಹೊತ್ತಗೆಗಳಲ್ಲಿ ಉಳಿದಿರುವ ‘ಯೋಹಾನನ ರಹಸ್ಯಗ್ರಂಥ’ ಈ ನಿಲುವನ್ನು ಕಥೆಯಾಗಿಸುತ್ತದೆ. ಮಾತಿಗೆ ನಿಲುಕದ ಮೂಲತತ್ತ್ವದಿಂದ ಜೋಡಿ ಜೋಡಿಯಾಗಿ ದಿವ್ಯಶಕ್ತಿಗಳು ಹೊಮ್ಮುತ್ತವೆ. ಅವೆಲ್ಲ ಕೂಡಿದ್ದು ‘ಪ್ಲೆರೋಮಾ’, ಅಂದರೆ ಪೂರ್ಣತೆ. ಅವರಲ್ಲೊಬ್ಬಳಾದ ಸೋಫಿಯಾ ಜೊತೆಗಾರನ ಒಪ್ಪಿಗೆಯಿಲ್ಲದೆ ತಾನೊಬ್ಬಳೇ ಸೃಷ್ಟಿಗೆ ಮುಂದಾದಾಗ ಸಿಂಹಮುಖದ ಸರ್ಪಾಕೃತಿಯ ಯಾಲ್ದಾಬವೋತ್ ಹುಟ್ಟುತ್ತಾನೆ. ನಾಚಿದ ತಾಯಿ ಅವನನ್ನು ಮೋಡದಲ್ಲಿ ಬಚ್ಚಿಡುತ್ತಾಳೆ. ತನ್ನ ಮೇಲೆ ಯಾರಿದ್ದಾರೆಂದು ತಿಳಿಯದ ಆತ ತಾನೊಬ್ಬನೇ ದೇವರೆಂದು ಬೀಗಿ, ತನ್ನ ಅಧಿಕಾರಿಗಳೊಡನೆ ಈ ಲೋಕವನ್ನೂ ಆದಾಮನನ್ನೂ ಕಟ್ಟುತ್ತಾನೆ. ಕಟ್ಟಿದ ಮೈ ಏಳುವುದೇ ಇಲ್ಲ. ಮೇಲಿನವರ ಉಪಾಯಕ್ಕೆ ಮರುಳಾಗಿ ಅವನು ತಾಯಿಯಿಂದ ಬಂದ ಶಕ್ತಿಯನ್ನೇ ಆದಾಮನೊಳಕ್ಕೆ ಊದುತ್ತಾನೆ. ಬೆಳಕಿನ ಕಿಡಿ ಮನುಷ್ಯನಲ್ಲಿ ಸೇರುವುದು ಹೀಗೆ. ಬೈಬಲಿನ ಆದಿಕಾಂಡ ಇಲ್ಲಿ ತಲೆಕೆಳಗಾಗಿದೆ: ಅರಿವಿನ ಮರದ ಹಣ್ಣು ತಿಂದದ್ದು ಪಾಪವಲ್ಲ, ಬಿಡುಗಡೆಯ ಮೊದಲ ಹೆಜ್ಜೆ. ಇದನ್ನು ಮಾಯಾವಾದಕ್ಕೆ ಹೋಲಿಸುವ ರೂಢಿ ಇದೆ, ಆದರೆ ಹೋಲಿಕೆ ಬಹುದೂರ ಸಾಗುವುದಿಲ್ಲ. ಅದ್ವೈತದ ಈಶ್ವರ ಅಜ್ಞಾನಿಯಲ್ಲ, ಗರ್ವಿಷ್ಠನೂ ಅಲ್ಲ.

ಹಸ್ತಪ್ರತಿಗಳು ಸಿಗುವ ಮೊದಲು ಈ ಪಂಥಗಳ ಬಗ್ಗೆ ತಿಳಿದದ್ದು ಬಹುಪಾಲು ಅವುಗಳ ವೈರಿಗಳಿಂದ. ಲಿಯಾನಿನ ಬಿಷಪ್ ಐರೇನಿಯಸ್ ಸುಮಾರು ಕ್ರಿ.ಶ. 180ರಲ್ಲಿ ಬರೆದ ಖಂಡನಗ್ರಂಥವೇ ಮುಖ್ಯ ಆಧಾರವಾಗಿತ್ತು. ಚಾರ್ವಾಕರನ್ನು ‘ಸರ್ವದರ್ಶನಸಂಗ್ರಹ’ದಂಥ ಪರಪಕ್ಷದ ಗ್ರಂಥಗಳಿಂದ ಊಹಿಸಿಕೊಳ್ಳುವ ನಮಗೆ ಈ ಪಾಡು ಹೊಸದಲ್ಲ.

ಹಸ್ತಪ್ರತಿಗಳು ಸಿಕ್ಕಿದ ಕಥೆ ರೋಚಕವಾಗಿದೆ. ಜಬಲ್ ಅಲ್ ತಾರಿಫ್ ಬಂಡೆಬೆಟ್ಟದ ಬುಡದಲ್ಲಿ ಹೊಲಕ್ಕೆ ಗೊಬ್ಬರದ ಮಣ್ಣು ಅಗೆಯುತ್ತಿದ್ದ ಮುಹಮ್ಮದ್ ಅಲಿ ಎಂಬ ರೈತನಿಗೆ ಬಾಯಿ ಮುಚ್ಚಿದ ಗುಡಾಣ ಸಿಕ್ಕಿತು. ಒಳಗೆ ಜಿನ್ ಇದ್ದೀತೆಂದು ಹೆದರಿ, ಚಿನ್ನವೂ ಇರಬಹುದೆಂದು ಆಸೆಪಟ್ಟು ಒಡೆದ. ಮನೆಗೆ ತಂದ ಹಾಳೆಗಳಲ್ಲಿ ಕೆಲವನ್ನು ತಾಯಿ ಒಲೆಗೆ ಹಾಕಿದಳು. ಈ ಕಥೆ ಹೊರಬಂದದ್ದು ದಶಕಗಳ ಬಳಿಕ, ಅದೂ ಹೇಳಿದಾಗೆಲ್ಲ ವಿವರ ಬದಲಾಗುತ್ತ. ಈಚಿನ ಕೆಲವು ವಿದ್ವಾಂಸರು ಇದನ್ನು ಪೂರ್ತಿ ನಂಬುವುದಿಲ್ಲ, ಶಂಕೆಗೆ ಕಾರಣವೂ ಇದೆ.

ಕಾಲದ ವಿಷಯದಲ್ಲಿ ಗಟ್ಟಿ ಸಾಕ್ಷ್ಯವಿದೆ. ಏಳನೆಯ ಹೊತ್ತಗೆಯ ರಟ್ಟನ್ನು ಬಿರುಸಾಗಿಸಲು ಒಳಗೆ ಅಂಟಿಸಿದ್ದ ರದ್ದಿ ಕಾಗದಪತ್ರಗಳಲ್ಲಿ 341, 346, 348ನೇ ಇಸವಿಗಳು ಕಾಣುತ್ತವೆ. ಹೂತಿಟ್ಟವರು ಯಾರು? ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ 367ರಲ್ಲಿ ಮಾನ್ಯಗ್ರಂಥಗಳ ಪಟ್ಟಿ ಹೊರಡಿಸಿ ಉಳಿದವನ್ನು ದೂರವಿಡಲು ಹೇಳಿದ ಮೇಲೆ, ಹತ್ತಿರದ ಪಕೋಮಿಯಸ್ ಮಠದ ಸನ್ಯಾಸಿಗಳು ಸುಡಲು ಮನಸ್ಸಾಗದೆ ಹೂತರು ಎಂಬುದು ಜನಪ್ರಿಯ ಊಹೆ. ಖಾಸಗಿ ಒಡೆಯರ ಪುಸ್ತಕಗಳಾಗಿರಬಹುದು ಎಂಬ ವಾದವೂ ಇದೆ.

ಮೊದಲ ಹೊತ್ತಗೆಯ ಬಹುಭಾಗ ಕಳ್ಳದಾರಿಯಲ್ಲಿ ದೇಶ ದಾಟಿತು. 1952ರಲ್ಲಿ ಜ್ಯೂರಿಕ್‌ನ ಯೂಂಗ್ ಸಂಸ್ಥೆಗಾಗಿ ಅದನ್ನು ಕೊಳ್ಳಲಾಯಿತು. ಹುಡುಕಿಕೊಂಡು ಬಂದದ್ದು ತಕ್ಕವನ ಬಳಿಗೇ ಎನ್ನಬೇಕು: ಮನೋವಿಜ್ಞಾನಿ ಕಾರ್ಲ್ ಯೂಂಗ್ 1916ರಲ್ಲೇ ಸತ್ತವರಿಗೆ ಏಳು ಪ್ರವಚನಗಳನ್ನು ಬರೆದು, ಅವನ್ನು ಎರಡನೆಯ ಶತಮಾನದ ಗ್ನಾಸ್ಟಿಕ್ ಗುರು ಬಸಿಲಿಡೀಸ್‌ನ ಹೆಸರಿಗೆ ಹಚ್ಚಿದ್ದ. ಅಲ್ಲಿ ಬರುವ ಅಬ್ರಾಕ್ಸಸ್ ದೈವ ಹರ್ಮನ್ ಹೆಸ್ಸೆಯ 1919ರ ‘ಡೆಮಿಯನ್’ ಕಾದಂಬರಿಯಲ್ಲೂ ಇದ್ದಾನೆ. ರಾಜಕೀಯ ಏರಿಳಿತ ಮತ್ತು ವಿದ್ವಾಂಸರ ಪೈಪೋಟಿಯಿಂದ ಪೂರ್ಣ ಪ್ರಕಟಣೆ ತಡವಾಯಿತು. ಜೇಮ್ಸ್ ರಾಬಿನ್ಸನ್ ಸಂಪಾದಿಸಿದ ಸಮಗ್ರ ಇಂಗ್ಲಿಷ್ ಅನುವಾದ ಬಂದದ್ದು 1977ರಲ್ಲಿ. ಎರಡೇ ವರ್ಷದಲ್ಲಿ ಎಲೇನ್ ಪೇಗಲ್ಸ್ ಬರೆದ ‘ದಿ ಗ್ನಾಸ್ಟಿಕ್ ಗಾಸ್ಪೆಲ್ಸ್’ ಇವನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿತು. ಫಿಲಿಪ್ ಕೆ. ಡಿಕ್ ತನ್ನ ‘ವ್ಯಾಲಿಸ್’ (1981) ಕಾದಂಬರಿಯಲ್ಲಿ ಗುಡಾಣದ ಕಥೆಯನ್ನೇ ಹೆಣೆದ. ಟೋನಿ ಮಾರಿಸನ್ ‘ಜಾಜ್’ (1992) ಕಾದಂಬರಿಯ ಮೊದಲಿಗೆ ಆರನೆಯ ಹೊತ್ತಗೆಯ ‘ಗುಡುಗು’ ಎಂಬ ಸ್ತ್ರೀದೈವದ ಸ್ವಗತದ ಸಾಲುಗಳನ್ನಿಟ್ಟರು. 1999ರ ‘ದ ಮೇಟ್ರಿಕ್ಸ್’ ಚಿತ್ರವನ್ನು ಹಲವರು ಗ್ನಾಸ್ಟಿಕ್ ಪುರಾಣದ ಕನ್ನಡಕದಲ್ಲಿ ನೋಡಿದ್ದಾರೆ.

ವಿಚಿತ್ರವೆಂದರೆ ಕೃತಿಗಳು ಬಾಯ್ಬಿಟ್ಟಂತೆ ‘ಗ್ನಾಸ್ಟಿಕ್ ಮತ’ ಎಂಬ ಹಣೆಪಟ್ಟಿಯೇ ಸಡಿಲವಾಯಿತು. ಆರನೆಯ ಹೊತ್ತಗೆಯೊಂದರಲ್ಲೇ ಹರ್ಮೀಸನ ಹೆಸರಿನ ಉಪದೇಶಗಳಿವೆ, ಪ್ಲೇಟೋನ ‘ರಿಪಬ್ಲಿಕ್’ನ ತುಣುಕಿನ ಕೆಟ್ಟ ಅನುವಾದವೂ ಇದೆ. ಒಂದೇ ಮತವೆಂಬುದೊಂದು ಇರಲೇ ಇಲ್ಲವೆಂದು ಮೈಕೇಲ್ ವಿಲಿಯಮ್ಸ್ (1996), ಕ್ಯಾರೆನ್ ಕಿಂಗ್ (2003) ವಾದಿಸಿದರು. ಈ ಹೆಸರನ್ನು ಬಿಟ್ಟರೆ ಬೇರೊಂದು ಸಿಗದ್ದರಿಂದ ಅದೇ ಬಳಕೆಯಲ್ಲಿ ಉಳಿದಿದೆ.

ಹೊಸದಾಗಿ ಓದುವವರು ಸೃಷ್ಟಿಪುರಾಣಗಳಿಗೆ ಕೈಹಾಕುವ ಮೊದಲು ಎರಡನೆಯ ಹೊತ್ತಗೆಯ ‘ತೋಮನ ಸುವಾರ್ತೆ’ಯಿಂದ ಆರಂಭಿಸುವುದು ಮೇಲು. ಅದರಲ್ಲಿ ಕಥೆಯಿಲ್ಲ, ಯೇಸುವಿನ ಹೆಸರಿನಲ್ಲಿ 114 ನುಡಿಗಳಷ್ಟೇ ಇವೆ. ಮೂಲ ಹಾಳೆಗಳು ಈಗ ಕೈರೋದ ಕಾಪ್ಟಿಕ್ ವಸ್ತುಸಂಗ್ರಹಾಲಯದಲ್ಲಿವೆ.