ಸಾಮಾನ್ಯ ಕ್ರೌಂಚ

ಯುರೋಪ್ ಮತ್ತು ಏಷ್ಯಾದ ಉತ್ತರ ಭಾಗಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣದತ್ತ ವಲಸೆ ಹೋಗುವ ದೊಡ್ಡ ಹಕ್ಕಿ. ವೈಜ್ಞಾನಿಕ ಹೆಸರು ಗ್ರಸ್ ಗ್ರಸ್. ಎತ್ತರ ಸುಮಾರು 1.2 ಮೀಟರ್. ಬೂದು ಮೈ, ಕಪ್ಪು ಕತ್ತು, ಕಣ್ಣಿನ ಹಿಂದಿನಿಂದ ಇಳಿಯುವ ಬಿಳಿ ಪಟ್ಟೆ. ನೆತ್ತಿಯಲ್ಲಿ ಗರಿಯಿಲ್ಲದ ಕೆಂಪು ಚರ್ಮ.

ಕನ್ನಡದ ಮಾತಿನಲ್ಲಿ ಉದ್ದ ಕಾಲಿನ ಹಕ್ಕಿಗಳೆಲ್ಲ ಕೊಕ್ಕರೆಯೇ. ಆದರೆ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗೂ ಇದಕ್ಕೂ ಕುಟುಂಬವೇ ಬೇರೆ. ಕ್ರೌಂಚದ ಹಿಂಬೆರಳು ಮೋಟು, ಕೊಂಬೆ ಹಿಡಿಯಲಾರದು. ಬಣ್ಣದ ಕೊಕ್ಕರೆ ಹೆಚ್ಚುಕಡಿಮೆ ಮೂಕ. ಕ್ರೌಂಚದ ಶ್ವಾಸನಾಳವೋ ಎದೆಮೂಳೆಯೊಳಗೆ ಸುತ್ತಿಕೊಂಡಿದ್ದು, ಕೂಗು ಕಿಲೋಮೀಟರುಗಟ್ಟಲೆ ಕೇಳುತ್ತದೆ.

ಇದಕ್ಕೆ ಬೇಕಾದದ್ದು ಆಳವಾದ ಕೆರೆಯಲ್ಲ, ಕಾಲು ಮುಳುಗುವಷ್ಟು ನೀರಿನ ಜೌಗು. ಜೊಂಡು ಕೂಡಿಹಾಕಿದ ದಿಬ್ಬದ ಮೇಲೆ ಸಾಮಾನ್ಯವಾಗಿ ಎರಡು ಮೊಟ್ಟೆ. ಸುಮಾರು 30 ದಿನ ಗಂಡು ಹೆಣ್ಣು ಸರದಿಯಲ್ಲಿ ಕಾವು ಕೊಡುತ್ತವೆ. ಆ ದಿನಗಳಲ್ಲಿ ಕೊಕ್ಕಿನಿಂದ ಕೆಸರು ತೆಗೆದು ಬೆನ್ನಿಗೆ ಬಳಿದುಕೊಂಡು, ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಕಣ್ಮರೆಯಾಗುತ್ತವೆ. ಕೆಲವು ವರ್ಷಗಳಿಗೊಮ್ಮೆ ಹಾರುವ ಗರಿಗಳೆಲ್ಲ ಒಟ್ಟಿಗೇ ಉದುರುವುದರಿಂದ ವಾರಗಟ್ಟಲೆ ಹಾರಲಾಗದು. ಆಗ ಜೌಗೇ ಕೋಟೆ. ವಲಸೆಯಲ್ಲಿಯೂ ರಾತ್ರಿ ನೀರಿನಲ್ಲೇ ನಿಂತು ನಿದ್ರಿಸುತ್ತವೆ. ನರಿ ಬಂದರೆ ನೀರಿನ ಸದ್ದೇ ಎಚ್ಚರಿಸುತ್ತದೆ.

ಹಾಗಾಗಿ ಜೌಗು ಬತ್ತಿಸಿದಲ್ಲೆಲ್ಲ ಹಕ್ಕಿ ಸೋತಿದೆ. ಸ್ವೀಡನ್ನಿನ ಹಾರ್ನ್‌ಬೋರ್ಗಾ ಸರೋವರದ ನೀರನ್ನು ಉಳುವ ನೆಲಕ್ಕಾಗಿ 1802ರಿಂದ 1933ರೊಳಗೆ ಐದು ಸಲ ಇಳಿಸಿದರು. 1990ರ ದಶಕದಲ್ಲಿ ಮಟ್ಟವನ್ನು ಮತ್ತೆ ಏರಿಸಲಾಯಿತು. ಮದ್ಯ ತಯಾರಿಕೆಗೆಂದು ಬೆಳೆದ ಆಲೂಗಡ್ಡೆಯ ಉಳಿಕೆಗೆ ಕ್ರೌಂಚಗಳು ಇಲ್ಲಿ ಇಳಿಯತೊಡಗಿದ್ದವು. ಆ ಕೃಷಿ ನಿಂತ ಮೇಲೆ ಅವಕ್ಕೆ ಕಾಳು ಚೆಲ್ಲಲಾಗುತ್ತಿದೆ. ಕೆಲವು ವರ್ಷ ಏಪ್ರಿಲ್‌ನ ಒಂದೇ ದಿನ 20,000ಕ್ಕೂ ಹೆಚ್ಚು ಹಕ್ಕಿ ಎಣಿಕೆಗೆ ಸಿಕ್ಕಿವೆ. ಬ್ರಿಟನ್ನಿನಲ್ಲಿ ನೂರಾರು ವರ್ಷಗಳ ಹಿಂದೆ ನಿರ್ನಾಮವಾಗಿದ್ದ ಇವು 1979ರಲ್ಲಿ ನಾರ್ಫೋಕ್‌ಗೆ ತಾವಾಗಿಯೇ ಮರಳಿದವು. 2010ರಿಂದ ಜರ್ಮನಿಯ ಮೊಟ್ಟೆಗಳಿಂದ ಮರಿಮಾಡಿಸಿ, ಮನುಷ್ಯರ ಮುಖ ಕಾಣದಂತೆ ಕ್ರೌಂಚದ ವೇಷ ತೊಟ್ಟವರು ಸಾಕಿ, ಸಾಮರ್ಸೆಟ್‌ನ ಜೌಗಿನಲ್ಲಿ ಬಿಟ್ಟರು.

ಭಾರತಕ್ಕೆ ಚಳಿಗಾಲದ ಅತಿಥಿ. ಗುಜರಾತಿನ ನಳ ಸರೋವರ ಮತ್ತು ಕಚ್ಛದ ಚಿಕ್ಕ ರಣದ ಸುತ್ತ ಹಿಂಡುಗಳು ಕಾಣಸಿಗುತ್ತವೆ.

ಒಟ್ಟಾರೆ ಸಂಖ್ಯೆ ಸದ್ಯ ಅಪಾಯದಲ್ಲಿಲ್ಲ. ಆದರೆ ಉಳಿದ ಕೆಲವೇ ತಾಣಗಳಲ್ಲಿ ಕಿಕ್ಕಿರಿಯುವುದು ಹೊಸ ತೊಂದರೆ. 1950ರ ದಶಕದಲ್ಲಿ ಬತ್ತಿಸಿ, 1994ರಲ್ಲಿ ಭಾಗಶಃ ನೀರು ತುಂಬಿಸಿದ ಇಸ್ರೇಲಿನ ಹುಲಾ ಕಣಿವೆಯಲ್ಲಿ 2021ರ ಕೊನೆಗೆ ಹಕ್ಕಿಜ್ವರ ಹಬ್ಬಿ 5,000ಕ್ಕೂ ಹೆಚ್ಚು ಕ್ರೌಂಚಗಳು ಸತ್ತವು. ಕೆಲಸದವರು ಹೆಣಗಳನ್ನು ನೀರಿನಿಂದಲೇ ಎತ್ತಬೇಕಾಯಿತು.